ಕೇಳದೆ ಬರೆದ ಕೇರ್ ಪ್ಲಾನ್

"ಕೈ ತೆಗೀರಿ! ಅವರಿಗೆ ತಿನ್ನಿಸ್ಬೇಡಿ!"

ವಾರ್ಡಿನ ಬಾಗಿಲಲ್ಲೇ ನಿಂತು ಸ್ಟಾಫ್ ನರ್ಸ್ ಜೀವಿತಾ ಹಾಕಿದ ಕೂಗಿಗೆ, ಆರನೇ ಬೆಡ್ಡಿನ ಪಕ್ಕ ಕುಳಿತಿದ್ದವನ ಕೈಯಲ್ಲಿದ್ದ ಇಡ್ಲಿ ಚೂರು ಅರ್ಧ ದಾರಿಯಲ್ಲೇ ನಿಂತಿತು.

ಬೆಡ್ಡಿನ ಮೇಲಿದ್ದವರು ಹಾಲ್ಕುರಿಕೆಯ ಮಲ್ಲಿಕಾರ್ಜುನಯ್ಯ, ತೆಂಗಿನ ತೋಟದ ಯಜಮಾನರು. ಲಕ್ವ ಹೊಡೆದು ಬಲಗೈ ಸೋತಿತ್ತು. ಜೀವಕ್ಕೆ ಅಪಾಯವಿಲ್ಲ, ನುಂಗಲೂ ತೊಂದರೆಯಿಲ್ಲ, ಕೈ ಮತ್ತೆ ಪಳಗಬೇಕು ಅಷ್ಟೆ ಎಂದು ಡಾಕ್ಟರು ಬರೆದಿದ್ದರು. ಅಂಥವರ ಬಾಯಿಗೆ ತುತ್ತಿಡುವ ಮನೆಯವರನ್ನು ಕಂಡರೆ ಜೀವಿತಾಗೆ ಮೈ ಉರಿಯುತ್ತಿತ್ತು.

"ಅವರ ಕೈಲಿ ಆಗೋದನ್ನ ನೀವು ಮಾಡಿದ್ರೆ ಆ ಕೈ ಯಾವತ್ತು ಏಳುತ್ತೆ? ತಟ್ಟೆ ಅವರ ಮುಂದೆ ಇಡ್ರಿ!"

"ಸರಿ ಸಿಸ್ಟರ್," ಎನ್ನುತ್ತಾ ಅವನು ತಿರುಗಿದ.

ಜೀವಿತಾಳ ಕೈಯಲ್ಲಿದ್ದ ಬಿಪಿ ಮಿಷನ್ ಜಾರಿ ಬೀಳುವುದೊಂದು ಬಾಕಿ.

ಸೂರ್ಯಪ್ರಕಾಶ್!

ಆರು ವರ್ಷ... ಕೂದಲು ಸ್ವಲ್ಪ ಹಿಂದೆ ಸರಿದಿತ್ತು, ಕೆನ್ನೆ ತುಂಬಿತ್ತು. ಕಣ್ಣು ಮಾತ್ರ ಅದೇ. ಏನೋ ಹೇಳಲು ಹೊರಟು ನುಂಗಿಕೊಳ್ಳುವ ಅದೇ ಕಣ್ಣು!

"ನಿಮಗೆ ಈ ಪಾಠ ನಾನು ಹೇಳ್ಬೇಕಾಗಿರ್ಲಿಲ್ಲ," ಎಂದಳು, ಆದಷ್ಟೂ ಗಟ್ಟಿ ದನಿಯಲ್ಲಿ.

"ಅಪ್ಪ ಅಂದಾಗ ಎಲ್ಲಾ ಮರ್ತೋಗುತ್ತೆ," ಎಂದ ಅವನು ತಲೆ ತಗ್ಗಿಸಿ.

ಬೇರೆಯವರ ವಿಷಯದಲ್ಲಿ ಮಾತ್ರ ಚೆನ್ನಾಗಿ ನೆನಪಿರುತ್ತೇನೋ! ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಬಿಪಿ ನೋಡಿ, ಬರೆದು, ಏಳನೇ ಬೆಡ್ಡಿಗೆ ಸರಿದಳು. ಏಳನೇ ಬೆಡ್ಡು ಖಾಲಿಯಿದೆ ಎಂದು ಗೊತ್ತಾದದ್ದು ಅಲ್ಲಿ ಹೋಗಿ ನಿಂತ ಮೇಲೆ.

ಆ ಪಾಠವನ್ನು ಅವರಿಬ್ಬರೂ ಒಟ್ಟಿಗೇ ಕಲಿತದ್ದು, ಇದೇ ತಿಪಟೂರಿನ ನರ್ಸಿಂಗ್ ಕಾಲೇಜಿನಲ್ಲಿ. ಸ್ವ-ಆರೈಕೆಯ ಸಿದ್ಧಾಂತ. ಹೆಸರು ದೊಡ್ಡದು, ಒಳಗಿನ ಮಾತು ಸರಳ. ರೋಗಿಗೆ ತಾನೇ ಮಾಡಿಕೊಳ್ಳಲು ಎಷ್ಟು ಆಗುವುದಿಲ್ಲವೋ ಅಷ್ಟಕ್ಕೆ ಮಾತ್ರ ನರ್ಸು ಕೈ ಹಾಕಬೇಕು. ಮಿಕ್ಕಿದ್ದಕ್ಕೆ ಪಕ್ಕದಲ್ಲಿ ನಿಲ್ಲಬೇಕು.

"ಅವರ ಕೈಲಾಗೋದನ್ನ ನೀವು ಮಾಡಿದ್ರೆ ಅದು ಸೇವೆ ಅಲ್ಲ, ಕಳ್ಳತನ!" ಎನ್ನುತ್ತಿದ್ದರು ಪಾಠ ಮಾಡುತ್ತಿದ್ದ ಸುನಂದಾ ಮೇಡಂ. ಪ್ರತಿ ರೋಗಿಯ ಆರೈಕೆಗೂ ಬರೆಯಬೇಕಾದ ಕೇರ್ ಪ್ಲಾನಿನ ಮೊದಲ ಕಾಲಂನಲ್ಲಿ ರೋಗಿ ತನ್ನ ಬಾಯಿಂದ ಹೇಳಿದ ಮಾತೇ ಇರಬೇಕು, ಅದು ಖಾಲಿಯಿದ್ದರೆ ಇಡೀ ಹಾಳೆ ಹರಿದು ಕೈಗೆ ಕೊಡುತ್ತಿದ್ದರು.

ಮೂರನೇ ವರ್ಷ ಜೀವಿತಾ, ಸೂರ್ಯಪ್ರಕಾಶ್ ಜೋಡಿಗೆ ಸಿಕ್ಕವರು ಸೊಂಟ ಮುರಿದುಕೊಂಡಿದ್ದ ಚಿಕ್ಕಗೌರಮ್ಮಜ್ಜಿ. ಅಜ್ಜಿ ತನ್ನ ತಲೆ ತಾನೇ ಬಾಚಿಕೊಳ್ಳುವಷ್ಟು ಹೊತ್ತೂ ಇಬ್ಬರೂ ಬಾಚಣಿಗೆ ಮುಟ್ಟದೆ ಕೈಕಟ್ಟಿ ನಿಲ್ಲಬೇಕು. ಅರ್ಧ ಗಂಟೆ ಹಿಡಿಯುತ್ತಿತ್ತು!

"ಏನ್ರವ್ವ, ನನ್ ಜಡೆ ನೋಡೋಕೆ ಸರ್ಕಾರ ನಿಮಗೆ ಸಂಬ್ಳ ಕೊಡುತ್ತಾ?" ಎಂದು ಅಜ್ಜಿ ಕೇಳಿದಾಗ ಇಬ್ಬರೂ ನಕ್ಕು ನಕ್ಕು ಮಂಚ ಹಿಡಿದುಕೊಂಡಿದ್ದರು.

ಎಂಥ ದಿನಗಳವು! ಹಳ್ಳಿಗಳ ಆರೋಗ್ಯ ಸರ್ವೆಗೆ ಹೋದಾಗ ನೀಲಿ ಚೀಲ ಹೆಗಲಿಗೇರಿಸಿ ತೋಟದಿಂದ ತೋಟಕ್ಕೆ ನಡೆಯುವುದು. ಹೋದ ಮನೆಯಲ್ಲೆಲ್ಲ ಎಳನೀರು. ಮೂರನೇ ಮನೆಗೆ ಹೊಟ್ಟೆ ತುಂಬಿ, ಬೇಡವೆಂದರೆ ಅವರಿಗೆ ಬೇಜಾರಾಗುತ್ತದೆಂದು ಅವಳ ಪಾಲಿನದನ್ನೂ ಅವನೇ ಕುಡಿಯುತ್ತಿದ್ದ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳೂರು ಬಿಳಿಗೆರೆಯ ಬಸ್ಸು ಬರುವ ತನಕ ಒಂದು ಪೊಟ್ಟಣ ಕಡಲೇಕಾಯಿ, ಇಬ್ಬರ ಮಧ್ಯೆ. ಅವನ ಹಾಲ್ಕುರಿಕೆ ಬಸ್ಸು ಅದಕ್ಕೂ ಮೊದಲೇ ಹೊರಡುತ್ತಿತ್ತು. ಅವನು ಮಾತ್ರ ಒಂದು ದಿನವೂ ಮೊದಲು ಹೊರಟವನಲ್ಲ.

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡಬೇಕಾದ ದಿನ ಬಂತು.

"ಭಾನುವಾರ ಅಮ್ಮಸಂದ್ರದಿಂದ ನನ್ನ ನೋಡೋಕೆ ಬರ್ತಿದ್ದಾರೆ. ಹುಡುಗ ಸಿಮೆಂಟ್ ಫ್ಯಾಕ್ಟರೀಲಿ ಸೂಪರ್‌ವೈಸರ್ ಅಂತೆ," ಎಂದಿದ್ದಳು ಜೀವಿತಾ, ಕಡಲೇಕಾಯಿ ಬಿಡಿಸುತ್ತಾ. "ನೀವೇನಂತೀರಾ?"

ಸೂರ್ಯಪ್ರಕಾಶನ ಮುಖ ಬಿಳಿಚಿಕೊಂಡಿತ್ತು. ಆದರೂ ಹೇಳಿದ್ದು ಇಷ್ಟೇ: "ನಿಮ್ಮ ಜೀವನ ಕಣ್ರೀ... ನಿಮ್ಮ ಕೈಲಾಗುತ್ತೆ. ನೀವೇ ತೀರ್ಮಾನ ಮಾಡಿ. ನಾನು ಮಧ್ಯೆ ಬಾಯಿ ಹಾಕಲ್ಲ."

ಇಷ್ಟೇನಾ? ಮೂರು ವರ್ಷಕ್ಕೆ ಇಷ್ಟೇನಾ...?

ಭಾನುವಾರ ಸಂಜೆ ಅವನಿಂದ ಮೆಸೇಜ್ ಬಂತು. 'ಒಳ್ಳೇದಾಗ್ಲಿ.' ಅವಳು ಉತ್ತರ ಬರೆಯಲಿಲ್ಲ. ಅಮ್ಮಸಂದ್ರದವರಿಗೆ ಬೇಡವೆಂದು ಹೇಳಿ ಹಿತ್ತಲಲ್ಲಿ ಕುಳಿತು ಅತ್ತಳು. ಅವನು ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಸೇರಿಕೊಂಡು ಹೊರಟುಹೋದ.

ಈಗ ಅವಳಿಗೆ ಇಪ್ಪತ್ತೆಂಟು. ಬರುವ ಭಾನುವಾರ ತುರುವೇಕೆರೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಈ ಸಲ ಆಟ ಆಡಬೇಡ, ಶನಿವಾರದೊಳಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಅಪ್ಪ ಪರಮಶಿವಯ್ಯ ಕೈ ಮುಗಿಯುವುದೊಂದೇ ಬಾಕಿ. ಹೂಂ ಎಂದುಬಿಡೋಣ ಎಂದು ಅವಳೂ ಹೆಚ್ಚುಕಡಿಮೆ ನಿಶ್ಚಯಿಸಿದ್ದಳು.

ಇಂಥ ವಾರದಲ್ಲೇ ಬರಬೇಕಿತ್ತಾ ಇವನು!

ಮಲ್ಲಿಕಾರ್ಜುನಯ್ಯನವರ ಹಟವೂ ಸಾಮಾನ್ಯದ್ದಲ್ಲ. ಬೆರಳಿಗೆ ಬಲ ಬರಲಿ ಎಂದು ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಬೀಳಿಸಿ, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ದಿನಾ ಬೆಳಗ್ಗೆ ಮಗ ಅವರ ಹಣೆಗೆ ವಿಭೂತಿ ಹಚ್ಚುವಾಗ ಮಾತ್ರ ಅವರ ತುಟಿ ಅದುರುತ್ತಿತ್ತು. ಜೀವಿತಾ ಅದನ್ನು ಎರಡು ದಿನ ನೋಡಿದಳು. ಮೂರನೇ ದಿನ ಸ್ಟೂಲು ಎಳೆದುಕೊಂಡು ಅವರ ಮುಖದ ಬಳಿ ಕುಳಿತಳು.

"ಅಪ್ಪಾಜಿ, ನಿಮಗೇನ್ ಬೇಕು ಹೇಳಿ. ಡಾಕ್ಟ್ರಿಗಲ್ಲ, ನಿಮ್ಮ ಮಗನಿಗಲ್ಲ. ನಿಮಗೆ."

ಮುದುಕರು ಕಣ್ಣು ತುಂಬಿಕೊಂಡು, "ವಿಭೂತಿ ನನ್ ಕೈಲೇ ಹಚ್ಕಬೇಕು ಕಣವ್ವ," ಎಂದರು. "ಅರವತ್ತು ವರ್ಷದಿಂದ ಹಚ್ಕಂಡಿವ್ನಿ. ಎಡಗೈಲಿ ಲಿಂಗ ಹಿಡ್ಕಬೋದು... ಪೂಜೆ ಮಾಡೋಕೆ ಬಲಗೈ ಎಲ್ಲವ್ವ? ಇವ್ನು ಹಚ್ದಾಗೆಲ್ಲ ನಾನು ಸತ್ತೋಗಿವ್ನೇನೋ, ಸ್ನಾನ ಮಾಡ್ಸಿ ಸಿಂಗಾರ ಮಾಡ್ತಾವ್ನೇನೋ ಅನ್ನಿಸ್ತದೆ."

ಕಿಟಕಿಯ ಬಳಿ ನಿಂತಿದ್ದ ಸೂರ್ಯಪ್ರಕಾಶ್ ಮುಖ ಮುಚ್ಚಿಕೊಂಡು ಹೊರಗೆ ಹೋದ.

ಆ ದಿನವೇ ಜೀವಿತಾ ಅವರ ಕೇರ್ ಪ್ಲಾನ್ ಹೊಸದಾಗಿ ಬರೆದಳು. ಮೊದಲ ಕಾಲಂನಲ್ಲಿ ಅವರ ಮಾತನ್ನೇ ಇಳಿಸಿ, ಗುರಿ ಎಂಬಲ್ಲಿ 'ತಮ್ಮ ಬಲಗೈಯಿಂದ ವಿಭೂತಿ' ಎಂದು ಬರೆದಳು. ರಬ್ಬರ್ ಚೆಂಡು ಬೀರು ಸೇರಿತು. ಮಾರನೇ ದಿನ ಬಿಳಿಗೆರೆಯ ತನ್ನ ಮನೆಯ ಅಟ್ಟದಿಂದ ಎರಡು ಒಣಕಾಯಿ ತಂದು ಅವರ ತೊಡೆಯ ಮೇಲಿಟ್ಟಳು.

"ಕೊಬ್ಬರಿ ಆಗೈತಾ ನೋಡ್ರಿ ಅಪ್ಪಾಜಿ. ನಮ್ಮಪ್ಪಂಗೆ ಗೊತ್ತಾಗ್ತಿಲ್ವಂತೆ."

ಮುದುಕರ ಕಣ್ಣು ಅರಳಿತು! ಎಡಗೈಯ ಆಸರೆಯಲ್ಲಿ ಬಲಗೈ ಕಾಯಿಯನ್ನು ತಬ್ಬಿ, ನಡುಗುತ್ತಾ ಕಿವಿಯ ತನಕ ಏರಿತು. ಒಳಗೆ ಉಂಡೆ ಕೊಬ್ಬರಿ ಲೊಟಲೊಟ ಎಂದಿತು. ಇನ್ನೊಂದನ್ನೂ ಹಾಗೇ ಕಿವಿಗೆ ಹಿಡಿದು ಅಲ್ಲಾಡಿಸಿದರು, ಅದು ಸದ್ದು ಮಾಡಲಿಲ್ಲ.

"ಇದು ಆಗೈತೆ. ಆ ಇನ್ನೊಂದು ಇನ್ನೂ ಎರ್ಡು ತಿಂಗ್ಳು ಅಟ್ಟದ ಮ್ಯಾಲೆ ಇರ್ಲಿ. ನಿಮ್ಮಪ್ಪಂಗೆ ಕಿವಿ ಮಂದವೇನವ್ವ?"

ಅಂದಿನಿಂದ ದಿನಕ್ಕೆ ಇಪ್ಪತ್ತು ಸಲ ಕಾಯಿ ಕಿವಿಗೆ ಹೋಗಿ ಬರುತ್ತಿತ್ತು. ಪಕ್ಕದ ಬೆಡ್ಡಿನವರೂ ತಮ್ಮ ಮನೆಯಿಂದ ಕಾಯಿ ತರಿಸಿ ತೀರ್ಪು ಕೇಳತೊಡಗಿದರು. ಸೂರ್ಯಪ್ರಕಾಶ್ ಕೈಕಟ್ಟಿ ನಿಂತು ನೋಡುತ್ತಿದ್ದ. ನೋಡುತ್ತಿದ್ದದ್ದು ಅಪ್ಪನನ್ನೋ, ಅಪ್ಪನ ಪಕ್ಕದಲ್ಲಿದ್ದವಳನ್ನೋ, ಹೇಳುವುದು ಕಷ್ಟ.

ಶುಕ್ರವಾರ ಬೆಳಗ್ಗೆ ಮಲ್ಲಿಕಾರ್ಜುನಯ್ಯ ತಮ್ಮ ಮೂರು ಬೆರಳನ್ನು ವಿಭೂತಿಗೆ ಒತ್ತಿ ಹಣೆಗೆ ಎಳೆದುಕೊಂಡರು. ಗೆರೆ ಸೊಟ್ಟಗಾಗಿ ಹುಬ್ಬಿನ ಮೇಲೆ ಇಳಿಯಿತು. ಸರಿಪಡಿಸಲು ಮಗನ ಕೈ ಮುಂದೆ ಬಂತು, ಅರ್ಧದಲ್ಲಿ ನಿಂತು, ವಾಪಸ್ಸು ಹೋಯಿತು.

"ಚೆನ್ನಾಗೈತೇನ್ಲಾ?"

"ಭಾರಿ ಚೆನ್ನಾಗೈತಪ್ಪ," ಎಂದ ಅವನು.

ಜೀವಿತಾ ಅದನ್ನು ಚಾರ್ಟಿನಲ್ಲಿ ಬರೆದಳು. ನಾಳೆ ಡಿಸ್ಚಾರ್ಜ್. ಮತ್ತೆ ಇವನು ಶಿವಮೊಗ್ಗಕ್ಕೆ ಹೋಗುತ್ತಾನೆ. ನಾನು ಅಪ್ಪನಿಗೆ ಹೂಂ ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು...

ಮಧ್ಯಾಹ್ನ ಡ್ಯೂಟಿ ಮುಗಿಸಿ ವಾರ್ಡಿನ ಹಿಂದಿನ, ಬೆಡ್‌ಶೀಟ್ ಒಣಹಾಕಿದ್ದ ವರಾಂಡಕ್ಕೆ ಬಂದಾಗ ಅವನು ಅಲ್ಲೇ ಕಾಯುತ್ತಿದ್ದ.

"ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ನಿಮ್ಮ... ನಿಮ್ಮ ಮನೆಯವರು ಏನ್ ಮಾಡ್ತಾರೆ? ಇನ್ನೂ ಫ್ಯಾಕ್ಟರೀಲೇ ಇದಾರಾ?"

"ಯಾವ ಮನೆಯವರು?"

"ಅಮ್ಮಸಂದ್ರದ..."

ಜೀವಿತಾ ಅವನನ್ನೇ ದಿಟ್ಟಿಸಿದಳು. ಇವನು ಇಷ್ಟು ವರ್ಷ ನನಗೆ ಮದುವೆಯಾಗಿದೆ ಎಂದುಕೊಂಡಿದ್ದಾನೆ!

"ನನಗೆ ಮದುವೆ ಆಗಿಲ್ಲ."

"ಆಂ...? ವಾರದಿಂದ ನೋಡ್ತಿದೀನಿ, ಗೊತ್ತೇ ಆಗ್ಲಿಲ್ಲ! ಡ್ಯೂಟೀಲಿ ತಾಳಿ ಯೂನಿಫಾರಂ ಒಳಗೆ, ಕಾಲುಂಗುರ ಶೂ ಒಳಗೆ. ಹೆಂಗೆ ಗೊತ್ತಾಗ್ಬೇಕು?"

"ಬಾಯಿ ಬಿಟ್ಟು ಕೇಳಿದ್ರೆ ಗೊತ್ತಾಗ್ತಿತ್ತು!" ಆರು ವರ್ಷ ತಡೆದದ್ದು ಕಟ್ಟೆಯೊಡೆಯಿತು. "ಆವತ್ತೂ ಕೇಳ್ಲಿಲ್ಲ ನೀವು! ನೀವೇನಂತೀರಾ ಅಂತ ನಾನೇ ಕೇಳ್ದೆ. ನಿಮ್ಮ ಕೈಲಾಗುತ್ತೆ ಅಂತ ಹೇಳಿ ಕೈಕಟ್ಕೊಂಡು ನಿಂತ್ರಿ. ನಾನೇನು ಚಿಕ್ಕಗೌರಮ್ಮಜ್ಜೀನಾ?"

"ನಾನು ಒತ್ತಾಯ ಮಾಡಿದಂಗೆ ಆಗ್ಬಾರ್ದು ಅಂತಿದ್ದೆ ಜೀವಿತಾ. ನಾನು ಬಾಯಿ ಹಾಕಿದ್ರೆ, ಮುಲಾಜಿಗೆ ನೀವು ಒಪ್ಕೊಂಡ್ಬಿಟ್ರೆ? ನಿಮ್ಮ ತೀರ್ಮಾನ ನಾನು ಕದ್ದಂಗೆ ಅಲ್ವಾ? ಅದಕ್ಕೇ ದೂರ ನಿಂತೆ. ಸುನಂದಾ ಮೇಡಂ ಹೇಳಿದ್ದೇ ತಲೇಲಿತ್ತು..."

"ಮೇಡಂ ಹೇಳಿದ್ದು ಪಕ್ಕದಲ್ಲಿ ನಿಲ್ಲಿ ಅಂತ! ಶಿವಮೊಗ್ಗದಲ್ಲಿ ನಿಲ್ಲಿ ಅಂತ ಅಲ್ಲ!"

ಅವಳಿಗೆ ಅಳುವೂ ಬಂತು, ಎಲ್ಲಿಂದಲೋ ನಗುವೂ ಬಂತು. ಇಡೀ ಜಗತ್ತಿನಲ್ಲಿ ಪ್ರೀತಿಯನ್ನು ಕೇರ್ ಪ್ಲಾನ್ ಮಾಡಿ ಕೆಡಿಸಿಕೊಂಡ ಗಂಡಸು ಇವನೊಬ್ಬನೇ ಇರಬೇಕು!

"ಮೊದಲನೇ ಕಾಲಂ ಖಾಲಿ ಬಿಟ್ರಿ ನೀವು. ನನ್ನ ಮಾತು ಕೇಳದೇನೇ ಮಿಕ್ಕಿದ್ದೆಲ್ಲ ತುಂಬಿದ್ರಿ. ನಾನೂ ಅಷ್ಟೆ ಬಿಡಿ, ಒಂದು ಮೆಸೇಜಿಗೆ ಉತ್ತರ ಕೊಡ್ಲಿಲ್ಲ... ಆದ್ರೂ ಒಂದು ಹೇಳಿ. ಗಂಡು ನರ್ಸು ಅಂತ ಇಡೀ ಕ್ಲಾಸು ನಿಮ್ಮನ್ನ ಬ್ರದರ್ ಬ್ರದರ್ ಅಂತಿತ್ತು. ಮೂರು ವರ್ಷದಲ್ಲಿ ನಾನು ಒಂದ್ಸಲನಾದ್ರೂ ಅಂದಿದೀನಾ?"

ಸೂರ್ಯಪ್ರಕಾಶ್ ಯೋಚಿಸಿದ. ಅವನ ಮುಖದಲ್ಲಿ ಅರ್ಥವಾಗುತ್ತಾ ಬಂದದ್ದನ್ನು ನೋಡುವುದಕ್ಕೇ ಆರು ವರ್ಷ ಕಾದಿದ್ದೆನೇನೋ ಎಂದು ಜೀವಿತಾಗೆ ಅನ್ನಿಸಿತು.

"ಇಲ್ಲ..." ಎಂದ ಅವನು. "ಒಂದ್ಸಲಾನೂ ಇಲ್ಲ!"

"ಭಾನುವಾರ ತುರುವೇಕೆರೆಯಿಂದ ನನ್ನ ನೋಡೋಕೆ ಬರ್ತಿದ್ದಾರೆ," ಎಂದಳು ಅವಳು, ಕಣ್ಣೊರೆಸಿಕೊಂಡು. "ಈಗ ಹೇಳಿ. ನೀವೇನಂತೀರಾ?"

ಈ ಸಲ ಅವನು ಕೈಕಟ್ಟಿಕೊಳ್ಳಲಿಲ್ಲ. ಒಂದು ಹೆಜ್ಜೆ ಮುಂದೆ ಬಂದ.

"ಬೇಡ ಅಂತೀನಿ. ಅವರು ಬರೋದು ಬೇಡ. ನೀವು ಅಂದ್ರೆ ನನಗೆ ಪ್ರಾಣ ಜೀವಿತಾ... ಆವತ್ತೂ ಅಷ್ಟೆ, ಇವತ್ತೂ ಅಷ್ಟೆ. ಮನೇಲಿ ಎಷ್ಟೋ ಕಡೆ ನೋಡಿದ್ರು, ನಾನು ಒಪ್ಲಿಲ್ಲ. ತೀರ್ಮಾನ ನಿಮ್ಮದೇ. ಆದ್ರೆ ನನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಿದ್ದೇ ತೀರ್ಮಾನ ಮಾಡಿ."

ಜೀವಿತಾ ಬ್ಯಾಗಿನಿಂದ ಮೊಬೈಲ್ ತೆಗೆದು, ಅವನ ಎದುರಿಗೇ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ... ತುರುವೇಕೆರೆಯವರಿಗೆ ಬೇಡ ಅಂತ ಹೇಳ್ಬುಡಿ. ಬೈಬೇಡಿ, ಸಂಜೆ ಬಂದು ಎಲ್ಲಾ ಹೇಳ್ತೀನಿ."

ಫೋನಿಟ್ಟು ತಲೆಯೆತ್ತಿದಾಗ ಸೂರ್ಯಪ್ರಕಾಶನ ಕೆನ್ನೆ ಒದ್ದೆಯಾಗಿತ್ತು. ಅವಳು ತಾನೇ ಕೈ ಚಾಚಿ ಅದನ್ನು ಒರೆಸಿದಳು.

"ಹಂಗಾದ್ರೆ ಭಾನುವಾರ ನಾವು ಬರ್ಲಾ? ಅಪ್ಪನ್ನ ಕಾರಲ್ಲಿ ಕೂರಿಸ್ಕೊಂಡು, ನಿಧಾನಕ್ಕೆ..."

"ಭಾನುವಾರ ನನಗೆ ಬೆಳಗ್ಗೆ ಡ್ಯೂಟಿ. ಎರಡೂವರೆ ಮೇಲೆ ಬನ್ನಿ."

"ಸರಿ, ಊಟ ಮುಗಿಸ್ಕೊಂಡು ಹೊರಡ್ತೀವಿ."

"ಊಟ ಮಾಡ್ಕೊಂಡು ಬರ್ಬೇಡಿ."

ಅವನು ಗೊಂದಲದಲ್ಲಿ ಅವಳನ್ನು ನೋಡಿದ. "ಅಲ್ಲಾ... ಹೆಣ್ಣು ನೋಡೋಕೆ ಬಂದೋರು ಕಾಫಿ ಕುಡಿದು ಹೋಗೋದಲ್ವಾ? ಊಟಕ್ಕೆ ಕೂರೋದು ಹೆಣ್ಣು ಒಪ್ಪಿದ ಮೇಲೆ ತಾನೆ?"

ಜೀವಿತಾ ಬ್ಯಾಗು ಹೆಗಲಿಗೇರಿಸಿದಳು. ಕೆನ್ನೆ ಕೆಂಪಾಗಿದ್ದರೂ ಅವನ ಕಣ್ಣನ್ನೇ ನೋಡುತ್ತಾ ಹೇಳಿದಳು.

"ಅದಕ್ಕೇ ಹೇಳ್ತಿರೋದು. ಹಸ್ಕೊಂಡು ಬನ್ನಿ."