ಬಿಳಿ ದಾರದ ಮೂರನೆಯ ಸುತ್ತು

ಮುಂಗೈಗೆ ಮೂರನೆಯ ಸುತ್ತು ಹಾಕುವಷ್ಟರಲ್ಲಿ ಹಾಸಿಗೆ ಹಿಡಿದ ಮಾನಮ್ಮ ತಾಯಪ್ಪನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಬಿಳಿ ದಾರದ ಉಂಡೆ ಜಾರಿ ಮಂಚದ ಕೆಳಗೆ ಉರುಳಿತು.

"ಮಾಸ್ತರ, ನನ್ನ ಮಗಳ್ನ ಲಗ್ನ ಆಗ್ತಿಯೇನು?"

"ಆಗ್ಲಿ ಯವ್ವ, ಆಗ್ತೀನಿ."

ಎದುರಿಗೆ ಮೊಂಬತ್ತಿ ಹಿಡಿದು ನಿಂತಿದ್ದ ಮಗಳು ದೇವಕಮ್ಮ ಕಲ್ಲಾಗಿದ್ದಳು. ಬಿಸಿ ಮೇಣ ಹೆಬ್ಬೆರಳ ಮೇಲೆ ತೊಟ್ಟಿಕ್ಕಿದರೂ ಅವಳು ಕೈ ಕೊಡವಲಿಲ್ಲ.

ರಂಗಂಪೇಟೆಯ ಸಾಲೆ ಮಾಸ್ತರ ತಾಯಪ್ಪ ಭಾನುವಾರ ಬಂತೆಂದರೆ ಊರೂರು ತಿರುಗುತ್ತಿದ್ದ. ದವಾಖಾನೆಯವರು ಕೈಚೆಲ್ಲಿ ಮನೆಗೆ ಕಳಿಸಿದವರ ಪಕ್ಕ ಕೂತು ಬುದ್ಧವಂದನೆ ಹೇಳಿ, ಮುಂಗೈಗೆ ದಾರ ಸುತ್ತುತ್ತಿದ್ದ. ಅವರು ಏನು ಕೇಳಿದರೂ ಇಲ್ಲವೆನ್ನುತ್ತಿರಲಿಲ್ಲ. ಗೋಗಿಯ ಈ ಮನೆಗೆ ಮಾತ್ರ ವರ್ಷದಿಂದ ಒಂದು ವಾರವೂ ತಪ್ಪಿಸಿರಲಿಲ್ಲ, ಅದೂ ಇಸ್ತ್ರಿ ಅಂಗಿ ಹಾಕಿಕೊಂಡು.

"ಮಾಸ್ತರ ಕಾಲರ್ ನೋಡಿದ್ರ ಅವ್ವನ ಜಡ್ಡು ಅರ್ಧ ಇಳೀತದ," ಎಂದು ದೇವಕಮ್ಮ ಓರೆಗಣ್ಣಲ್ಲಿ ನಗುತ್ತಿದ್ದಳು. ಬೇಕಂತಲೇ ಚಹಾಕ್ಕೆ ಎರಡು ಚಮಚೆ ಸಕ್ಕರೆ ಹೆಚ್ಚು ಸುರಿಯುತ್ತಿದ್ದಳು. ಅವನು ಆ ಪಾಕ ಕುಡಿದು, "ಬರೋಬರಿ ಆಗ್ಯಾದ," ಅನ್ನುತ್ತಿದ್ದ.

ವಾರದಿಂದ ಏನೂ ಮುಟ್ಟದ ಮಾನಮ್ಮ ಈಗ ಗಂಜಿ ಕೇಳಿದಳು. ನಾಲ್ಕು ಗುಟುಕು ಕುಡಿಸಿ ದೇವಕಮ್ಮ ಅಂಗಳಕ್ಕೆ ನಡೆದಳು. ಮಂಚದ ಕೆಳಗಿನ ದಾರದ ಉಂಡೆ ಎತ್ತಿಕೊಂಡು ತಾಯಪ್ಪನೂ ಹಿಂದೆಯೇ ಬಂದ. ದೂರದಲ್ಲಿ ಹೊಸ ಕಾಲುವೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

"ನಮ್ಮ ಓಣಿ ಹುಲಗಪ್ಪ ಕಾಕಾ ಸಾಯೋ ಮುಂದ ಏನ್ ಕೇಳಿದ, ನೆನಪದ ಏನ್ರಿ?" ಅವಳು ತಿರುಗಲಿಲ್ಲ. "ನನ್ನ ಹೊಲಕ್ಕ ಕೆನಾಲ್ ನೀರ್ ಬಂತೇನು ಅಂದ. ನೀವು ಬಂದದ ಅಂದ್ರಿ. ಆ ಕಡಿ ಆಗಿನ್ನಾ ಒಂದ್ ಬುಟ್ಟಿ ಮಣ್ಣೂ ಅಗ್ದಿದ್ದಿಲ್ಲ."

"ಅವ ನಕ್ಕೋತ ಹೋದ, ದೇವಕಿ."

"ಹೌದ್ರಿ. ನಾ ನಿಮ್ಮನ್ನ ಮೆಚ್ಚಿದ್ದೂ ಅವತ್ತೇ."

ತಾಯಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಇವತ್ತ ನನ್ನ ಹೆಸರಿಗೂ ಅದೇ ದನಿಲೆ ಹೂಂ ಅಂದ್ರಿ."

"ಇದು ಖರೇ ಅದ! ವರ್ಷಾತು, ನಾನು..."

"ವರ್ಷ ಪೂರಾ ಬಾಯಿ ಎಲ್ಲಿಟ್ಟಿದ್ರಿ? ಚಹಾ ಸಿಹಿ ಹೆಚ್ಚಾಗ್ಯಾದ ಅಂತಾದ್ರೂ ಒಂದಿನ ಅಂದ್ರೇನು? ನೀವು ಸುಳ್ಳ ಯಾವಾಗ ಹೇಳ್ತೀರಿ, ಖರೆ ಯಾವಾಗ ಹೇಳ್ತೀರಿ, ನಾ ಹ್ಯಾಂಗ ತಿಳ್ಕೊಳ್ಳಲಿ?"

ಆ ದನಿಯೊಂದನ್ನು ಬಿಟ್ಟು ಅವನಿಗೆ ಬೇರೆ ದನಿಯೇ ಇರಲಿಲ್ಲ. ಉಂಡೆಯಿಂದ ಒಂದು ಎಳೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದ.

"ಕೈ ಕೊಡು. ನಿಮ್ಮವ್ವನ ಕಣ್ಣಮುಂದ ಲಗ್ನದ ದಾರ ಈಗೇ ಕಟ್ತೀನಿ. ಆಕಿ ನೋಡ್ಕೊಂಡು ಹೋಗ್ಲಿ."

ಮೇಣ ಅಂಟಿದ ಅವಳ ಕೈ ಅರ್ಧಕ್ಕೆ ಮೇಲೆದ್ದಿತು. ಒಳಗಿನಿಂದ ಮಾನಮ್ಮನ ದನಿ ಕೇಳಿತು, ಎಷ್ಟೋ ತಿಂಗಳ ಮೇಲೆ ನಗು ಬೆರೆತ ದನಿ: "ದೇವಕೀ, ಮಾಸ್ತರಗ ಚಹಾ ಇಡವ್ವ!"

ಕೈ ಸೆರಗಿನೊಳಗೆ ಸೇರಿಕೊಂಡಿತು.

"ಕಾಕಾನೂ ಹಿಂಗೇ ನಕ್ಕಿದ್ದ. ಒಲ್ಲೆ," ಅಂದಳು ದೇವಕಮ್ಮ.