ಬೆಸುಗೆ ತುಂಬಿದ ಮಾತು

ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುತ್ತಲೇ ಜಲಜ ಕುಂದರ್ ಗಂಡನೊಡನೆ ಮಾತಾಡುತ್ತಿದ್ದಳು. ದಯಾಕರನ ದೋಣಿ ನಡುಗಡಲಿನಲ್ಲಿದ್ದರೂ ಫೋನಿನ ಪರದೆಯಲ್ಲಿ ಅವನು ಎದುರೇ ಕುಳಿತಂತೆ ನಗುತ್ತಿದ್ದ. "ಸಂಜೆ ಆರು ಗಂಟೆಗೆ ಬರ್ತೇನೆ" ಎಂದ. ಜಲಜಳ ಕೈ ನಿಂತಿತು. ಪಕ್ಕದವಳ ಫೋನು ತೆಗೆದುಕೊಂಡು ಕರಾವಳಿ ಕಾವಲು ಪಡೆಗೆ ತಿಳಿಸಿದಳು.

ಹುಡುಕಿಹೋದವರಿಗೆ ಮಗುಚಿದ ದೋಣಿ ಕಂಡಿತು. ದಯಾಕರ ಮಂಜುಗಡ್ಡೆಯ ಪೆಟ್ಟಿಗೆ ತಬ್ಬಿಕೊಂಡು ತೇಲುತ್ತಿದ್ದ. ಆರು ಗಂಟೆಗೆ ಬರುವೆನೆಂಬ ಮಾತು ಹೊರಡುವ ಒಂಬತ್ತು ನಿಮಿಷ ಮೊದಲೇ ಅವನ ಫೋನು ನೀರುಪಾಲಾಗಿತ್ತು.

ಆಮೇಲೆ ಅವನಾಗಿ ಮಾತಾಡಿದ್ದು 'ಬೆಸುಗೆ'. ಮೇಲೆ ನಾವು ಒತ್ತುವ ಆ್ಯಪ್‌ಗಳು, ಕೆಳಗೆ ತರಂಗಗಳ ಜಾಲ. ಎರಡರ ನಡುವೆ ಕುಳಿತು ಮಾತು, ಚಿತ್ರಗಳನ್ನು ಸಾಗಿಸುವ ತಂತ್ರಾಂಶ ಅದು. ಅಡುಗೆಯ ಉಪ್ಪಿನಂತೆ, ಇದ್ದಾಗ ಯಾರ ಗಮನಕ್ಕೂ ಬಾರದು. ಸಂಪರ್ಕ ತುಂಡಾದರೆ ಕೋಟ್ಯಂತರ ಜನರ ಸಂಭಾಷಣೆಯಿಂದ ಕಲಿತದ್ದನ್ನು ಬಳಸಿ, ಮಾತಾಡುವವರದೇ ಮುಖ, ದನಿಯಲ್ಲಿ ಆ ಬಿರುಕನ್ನು ತುಂಬುತ್ತಿತ್ತು. ಅರ್ಧ ಸೆಕೆಂಡಿಗಿಂತ ಹೆಚ್ಚು ತುಂಬಬಾರದೆಂಬ ಮಿತಿಯಿತ್ತು. ಬಳಕೆದಾರರು ಮೆಚ್ಚುತ್ತಾರೆಂದು ಆ ಮಿತಿಯನ್ನು ತೆಗೆದವಳು ಬೆಸುಗೆಯನ್ನು ಕಟ್ಟಿದ ತಾರಿಣಿ ಉಪಾಧ್ಯಳೇ. ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ ತನಿಖೆಯೂ ಅವಳ ಪಾಲಿಗೇ ಬಂತು.

ಮಣಿಪಾಲದ ಪ್ರಯೋಗಾಲಯದಿಂದ ಇಳಿದು ಬಂದ ತಾರಿಣಿ, ಮುಖ, ದನಿ ಎಲ್ಲ ಅವನದೇ ಆಗಿರುವಾಗ ಅನುಮಾನ ಬಂದದ್ದು ಹೇಗೆಂದು ಜಲಜಳನ್ನು ಕೇಳಿದಳು.

"ನಮ್ಮ ಮನೆಯಲ್ಲಿ ಕಡಲಿಗೆ ಹೋದವರು ಬರುವ ಹೊತ್ತು ಹೇಳುವ ಕ್ರಮ ಇಲ್ಲ ಮೇಡಂ. ಇವರು ಇಪ್ಪತ್ತು ವರ್ಷದಲ್ಲಿ ಒಂದು ದಿನ ಹೇಳಿದವರಲ್ಲ" ಎಂದಳು ಜಲಜ. ಮತ್ತೆ ತಣ್ಣಗೆ ಸೇರಿಸಿದಳು: "ನಾನು ಕೇಳ್ತಾ ಇದ್ದೆ, ಹಾಗಾಗಿ ಗೊತ್ತಾಯ್ತು."

ತಾರಿಣಿಗೆ ನಾಚಿಕೆಯಾಯಿತು. ಮರಳಿದವಳೇ ಮಿತಿಯನ್ನು ಮತ್ತೆ ಹಾಕಿದಳು. ಆದರೆ ಜಲಜಳ ಕೊನೆಯ ಮಾತು ಅವಳನ್ನು ಬಿಡಲಿಲ್ಲ. ಕಳೆದ ಭಾನುವಾರ ಮೈಸೂರಿನ ಅಕ್ಕ ಫೋನಿನಲ್ಲಿ ಏನು ಹೇಳಿದ್ದಳೆಂಬುದು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅಂದು ತನ್ನ ಪರವಾಗಿ ಬೆಸುಗೆಯೇ ಮಾತಾಡಿರಬೇಕೆಂಬ ಆಸೆಯಿಂದ ಆ ಕರೆಯ ದಾಖಲೆ ತೆರೆದಳು.

ಬೆಸುಗೆ ತುಂಬಿದ್ದು: ಸೊನ್ನೆ. ಸಂಪರ್ಕ ಒಮ್ಮೆಯೂ ಕಡಿದಿರಲಿಲ್ಲ. ಧ್ವನಿಮುದ್ರಿಕೆಯಲ್ಲಿ ಅಕ್ಕ ಹೇಳುತ್ತಿದ್ದಳು, "ಕತ್ತಿನಲ್ಲಿ ಒಂದು ಗಂಟು ಇದೆ ಕಣೇ, ಪರೀಕ್ಷೆಗೆ ಕೊಟ್ಟು ಬಂದೆ." ತಾರಿಣಿಯದೇ ದನಿ ಉತ್ತರಿಸಿತ್ತು: "ಹೂಂ, ಒಳ್ಳೇದಾಯ್ತು. ಆಮೇಲೆ?"

ಅವಳು ಆಗಲೇ ಅಕ್ಕನಿಗೆ ಕರೆ ಮಾಡಿದಳು. "ಅಕ್ಕ, ಆ ಪರೀಕ್ಷೆ ಏನಾಯ್ತು?"

ಅತ್ತ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಸಂಪರ್ಕ ಚೆನ್ನಾಗಿಯೇ ಇತ್ತು. ತಾರಿಣಿ ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.