ನಿನ್ನ ಲೆಕ್ಕ ನನಗೆ ಹೇಳಬೇಡ

ಔಷಧಿ ಬೆರೆಸುವ ಕೋಣೆಯ ಬಾಗಿಲು ತಳ್ಳಿಕೊಂಡು ಅವನು ಒಳಗೆ ಬಂದಾಗ ಆಸ್ಪತ್ರೆಯ ಏಳೂ ಮಹಡಿಗಳು ಉಸಿರು ಬಿಗಿಹಿಡಿದವು. ನಂಬದವರು ನಂಬಬೇಡಿ! ಒಳಗೆ ಔಷಧಿ ಬೆರೆಸುತ್ತಿದ್ದ ಅವಳ ಎದೆಬಡಿತವಂತೂ ನೆಲಮಾಳಿಗೆಯ ಶವಾಗಾರದವರೆಗೆ ಕೇಳಿಸಿತ್ತು. ಅಲ್ಲಿದ್ದವರು ಯಾರೂ ದೂರು ಕೊಡಲಿಲ್ಲ, ಅಷ್ಟೇ.

ಮುಖಕ್ಕೆ ಮಾಸ್ಕ್, ತಲೆಗೆ ಟೋಪಿ, ಮೈಗೆ ನೀಲಿ ಗೌನು. ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣುಗಳನ್ನು ಅವಳು ಲಕ್ಷ ಮಾಸ್ಕುಗಳ ನಡುವೆಯೂ ಗುರುತಿಸಬಲ್ಲಳು.

ಇವನಾ...? ಇವನು ಯಾಕೆ ಬಂದ...?

ಬೆನ್ನಿಗೇ ದೊಡ್ಡಮ್ಮ ಬಂದರು. ಫಾರ್ಮಸಿಯ ಮುಖ್ಯಸ್ಥೆ ಅವರು. ಎಲ್ಲರಿಗೂ ದೊಡ್ಡಮ್ಮ. ಅವರು ಒಮ್ಮೆ ಕೆಮ್ಮಿದರೆ ಕಪಾಟಿನ ಸೀಸೆಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದವು.

“ಇನ್ಮೇಲೆ ಇವನೇ ನಿನ್ನ ಜೋಡಿ ಕಣಮ್ಮಾ. ನೀನು ಬೆರೆಸಿದ್ದನ್ನ ಇವನು ತಪಾಸಣೆ ಮಾಡ್ತಾನೆ, ಇವನು ಬೆರೆಸಿದ್ದನ್ನ ನೀನು.”

“ಬೇರೆ ಯಾರೂ ಸಿಗ್ಲಿಲ್ವಾ ದೊಡ್ಡಮ್ಮಾ?”

“ಸಿಕ್ಕಿದ್ರು. ನಿನ್ನ ಮುಖ ನೋಡಿ ಓಡಿಹೋದ್ರು!” ಎಂದು ನಗುತ್ತಾ ದೊಡ್ಡಮ್ಮ ಹೊರಟೇಬಿಟ್ಟರು.

ಕೋಣೆಯಲ್ಲಿ ಉಳಿದದ್ದು ಮೂವರು. ಅವಳು, ಅವನು... ಮತ್ತು ಆ ಅಜ್ಜ.

ಅಜ್ಜ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ತಪ್ಪದೆ ಬರುತ್ತಿದ್ದ. ಗಾಜಿನ ಕಿಟಕಿಯ ಆಚೆ, ಮುಂಗೈಯ ಸೂಜಿಯನ್ನೂ ತೆಗೆಸಿಕೊಳ್ಳದೆ, ತಾಳ್ಮೆಯಿಂದ ನಿಂತು ಕೇಳುತ್ತಿದ್ದ:

“ನನ್ನ ಔಷಧಿ ಆಯ್ತಾ ಮಗಳೇ?”

ಕೋಪವಿಲ್ಲ. ಅವಸರವಿಲ್ಲ. ಅದೇ ಅವಳನ್ನು ದಿನವೂ ಒಳಗೊಳಗೇ ತಿನ್ನುತ್ತಿತ್ತು...

ಅಜ್ಜ ಇಲ್ಲಿ ರೋಗಿಯಾಗಿದ್ದಾಗ ಇವರಿಬ್ಬರೇ ಈ ಕೋಣೆಯ ಜೋಡಿ. ಅವರ ಪ್ರೀತಿಯ ಬಿಸಿಗೆ ಫ್ರಿಜ್ಜಿನೊಳಗಿನ ಲಸಿಕೆಗಳೂ ಬೆವರುತ್ತಿದ್ದವು! ಅಂದು ಅಜ್ಜನ ಔಷಧಿ ಬೆರೆಸುವಾಗ ಮೇಜಿನ ಮೇಲೆ ಎರಡು ಪುಟ್ಟ ಸೀಸೆಗಳಿದ್ದವು. ಒಂದೇ ಗಾತ್ರ, ಒಂದೇ ಬಣ್ಣದ ಮುಚ್ಚಳ. ಒಂದರಲ್ಲಿ ಬರೀ ಉಪ್ಪುನೀರು. ಇನ್ನೊಂದರಲ್ಲಿ, ನೇರವಾಗಿ ರಕ್ತಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಿಬಿಡುವ ಪೊಟ್ಯಾಷಿಯಂ. ಅವಳ ಕೈ ತಪ್ಪು ಸೀಸೆಗೆ ಹೋಯಿತು.

ತಪಾಸಣೆ ಮಾಡಬೇಕಾದವನು ಸೀಸೆ ನೋಡಲಿಲ್ಲ. ಅವಳ ಮುಖ ನೋಡಿದ. “ನಿನ್ನ ಕೈ ತಪ್ಪೋದುಂಟಾ!” ಎಂದು ನಗುತ್ತಾ ಸಹಿ ಹಾಕಿದ.

ಸಂಜೆಯ ಹೊತ್ತಿಗೆ ಅಜ್ಜನ ಹಾಸಿಗೆ ಖಾಲಿಯಾಗಿತ್ತು.

ವಿಚಾರಣೆ ನಡೆಯಿತು. ಅವನು ಒಳಗೆ ಹೋಗಿ ಏನೋ ಹೇಳಿಕೆ ಕೊಟ್ಟ. ಆಮೇಲೆ ಬೇರೆ ಆಸ್ಪತ್ರೆಗೆ ಹೊರಟುಹೋದ. ತಪ್ಪನ್ನೆಲ್ಲಾ ನನ್ನ ತಲೆಗೆ ಕಟ್ಟಿ ಜಾರಿಕೊಂಡ ಎಂದೇ ಅವಳು ತಿಳಿದಳು. ಅವಳ ಫೋನು ಬಡಿದುಕೊಂಡು ಬಡಿದುಕೊಂಡು ಅದರ ಗಂಟಲೇ ಕಟ್ಟಿತು; ಅವಳು ಎತ್ತಲಿಲ್ಲ.

“ಶುರು ಮಾಡೋಣ್ವಾ?” ಎಂದ ಅವನು, ಈಗ.

“ನೀವು ನಿಮ್ಮ ಕೆಲಸ ನೋಡ್ಕೊಳ್ಳಿ.”

“ನೀವು? ಅಬ್ಬಬ್ಬಾ... ಎಷ್ಟು ಜನ ಬಂದಿದೀನಿ ನಾನು?”

ಅವಳು ನಗಲಿಲ್ಲ. ಇವತ್ತೇ ಗೋದಾಮಿಗೆ ವರ್ಗ ಕೇಳಿಬಿಡಬೇಕು. ಅಲ್ಲಿ ಪೆಟ್ಟಿಗೆ ಎಣಿಸಿಕೊಂಡು ಇರ್ತೀನಿ. ಯಾರ ಜೀವವೂ ನನ್ನ ಕೈಗೆ ಬರೋದು ಬೇಡ...

ಅಷ್ಟರಲ್ಲಿ ಮಕ್ಕಳ ವಾರ್ಡಿನಿಂದ ಪರದೆಯ ಮೇಲೆ ಬೇಡಿಕೆ ಬಂತು. ಹೃದಯದ ಆಪರೇಷನ್ ಆದ ಪುಟ್ಟ ಮಗು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಬೇಕು. ತೂಕಕ್ಕೆ ತಕ್ಕಂತೆ ಪ್ರಮಾಣ. ಕಡಿಮೆಯಾದರೂ ಕಷ್ಟ, ಹೆಚ್ಚಾದರೆ ರಕ್ತಸ್ರಾವ. ಅವಳು ಲೆಕ್ಕ ಹಾಕಿ ಕಾಗದವನ್ನು ಅವನತ್ತ ಚಾಚಿದಳು.

ಅವನು ತಟ್ಟನೆ ಬೆನ್ನು ತಿರುಗಿಸಿದ!

“ತೋರಿಸಬೇಡ. ನಿನ್ನ ಲೆಕ್ಕ ನನಗೆ ಹೇಳಲೂಬೇಡ. ನಾನು ಮೊದಲಿಂದ ಹಾಕ್ತೀನಿ.”

ಅವಳ ಕಿವಿ ಕೆಂಪಾಯಿತು. “ಅಷ್ಟೊಂದು ಅಪನಂಬಿಕೆನಾ ನನ್ನ ಮೇಲೆ?”

“ಹೂಂ. ಪೂರ್ತಿ.”

ಆ ಒಂದು ಮಾತು ಅವಳ ಎದೆಯನ್ನು ಇಬ್ಭಾಗ ಮಾಡಿತು.  ಅವನೂ ಲೆಕ್ಕ ಮುಗಿಸಿದ. ಎರಡು ಕಾಗದಗಳು ಅಕ್ಕಪಕ್ಕ ಬಂದವು.

ಉತ್ತರ ಬೇರೆ ಬೇರೆ! ಅವನದು ಅವಳದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು.

ಗಾಜಿನಾಚೆ ಅಜ್ಜ ಇನ್ನೂ ಹತ್ತಿರ ಬಂದ. “ಆಯ್ತಾ ಮಗಳೇ...?”

ಮತ್ತೆ ನಾನೇ... ಮತ್ತೆ ನನ್ನ ಕೈಯೇ...!

“ನಿಮ್ಮದೇ ಸರಿ.” ಅವಳು ತನ್ನ ಕಾಗದವನ್ನು ಮುದುರಿದಳು. “ಅಷ್ಟೇ ತುಂಬ್ತೀನಿ.”

“ನಿಲ್ಲು!” ಅವನು ಸಿರಿಂಜಿನ ಮೇಲೆ ಅಂಗೈ ಮುಚ್ಚಿದ. “ನಂದು ಯಾಕೆ ಸರಿ?”

“ತಪ್ಪು ಮಾಡೋಳು ನಾನಲ್ವಾ! ಊರಿಗೇ ಗೊತ್ತು!”

“ಅದು ಲೆಕ್ಕ ಅಲ್ಲ ಕಣೇ, ಭಯ. ಉತ್ತರ ಬೇರೆ ಬಂದ್ರೆ ಯಾರೂ ಯಾರಿಗೂ ಸೋಲೋ ಹಾಗಿಲ್ಲ. ಇಬ್ಬರೂ ಮೊದಲಿಂದ. ಕೂತ್ಕೊ.”

ಬೆನ್ನಿಗೆ ಬೆನ್ನು ಮಾಡಿ ಕೂತರು. ಒಂದು ಯುಗ ಉರುಳಿತು. ಗಡಿಯಾರ ಮಾತ್ರ ಎರಡೇ ನಿಮಿಷ ಎಂದು ಸುಳ್ಳು ಹೇಳಿತು. ಅವಳಿಗೆ ಮತ್ತೆ ಅದೇ ಉತ್ತರ ಬಂತು.

ಹಿಂದೆ ಅವನ ಪೆನ್ನು ನೆಲಕ್ಕೆ ಬಿತ್ತು.

“ನಾನು ಹಿಡಿದದ್ದು ಪಕ್ಕದ ಹಾಸಿಗೆ ಮಗುವಿನ ತೂಕ...” ಅವನು ಪರದೆಯತ್ತ ಬೊಟ್ಟು ಮಾಡಿದ. “ಕಣ್ಣು ಒಂದು ಸಾಲು ಕೆಳಗೆ ಜಾರಿದೆ. ನಿಂದೇ ಸರಿ.”

 ಇವನು ತಡೆಯದಿದ್ದರೆ ತುಂಬಿಬಿಡುತ್ತಿದ್ದೆ... ಅಂದು ಇವನು ಮಾಡಿದ್ದನ್ನೇ ಇಂದು ನಾನು...!

ವಾರ್ಡಿಗೆ ಫೋನು ಮಾಡಿ ತೂಕವನ್ನು ಮತ್ತೆ ಕೇಳಿದರು. ಅವನು ಸೀಸೆಯ ಹೆಸರನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದಿದ. ಅವಳು ತುಂಬಿದಳು. ಔಷಧಿ ಮಗುವಿನತ್ತ ಹೊರಟಿತು.

ಅವಳು ಖಾಲಿ ಸೀಸೆಯನ್ನು ಬುಟ್ಟಿಗೆ ಹಾಕಿ ಅವನತ್ತ ತಿರುಗಿದಳು.

“ಅವತ್ತು ವಿಚಾರಣೆಯಲ್ಲಿ ಏನು ಹೇಳ್ದೆ ನೀನು?”

“ನೋಡದೇ ಸಹಿ ಹಾಕಿದೆ ಅಂತ. ಅವಳನ್ನ ಪ್ರೀತಿಸ್ತೀನಿ, ಅದಕ್ಕೇ ನೋಡ್ಲಿಲ್ಲ ಅಂತ. ಜೋಡಿನೇ ಬೇಡ ಅಂತ ನನ್ನನ್ನ ಆಚೆ ಹಾಕಿದ್ರು. ಈಗ ದೊಡ್ಡಮ್ಮನೇ ವಾಪಸ್ ಕರೆಸಿದ್ರು.”

“ಅಷ್ಟು ಜನ ದೊಡ್ಡವರ ಮುಂದೆ...?”

“ನಿಂಗೂ ಹೇಳೋಣ ಅಂದ್ರೆ, ಫೋನ್ ಮಾಡಿ ಮಾಡಿ ನನ್ನ ಬೆರಳೇ ಸವೆದುಹೋಯ್ತಲ್ಲ ಮಾರಾಯ್ತಿ!”

ಅವಳ ಮಾಸ್ಕಿನೊಳಗೆ ಒಂದು ಸಮುದ್ರ ತುಂಬಿತು. “ಆ ಅಜ್ಜ ಇನ್ನೂ ಬರ್ತಾರೆ... ಆ ಕಿಟಕಿ ಹತ್ರ. ಔಷಧಿ ಆಯ್ತಾ ಅಂತ ಕೇಳ್ತಾರೆ.”

ಅವನು ಕಿಟಕಿಯತ್ತ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

“ನನ್ನ ಹತ್ರಾನೂ ಬರ್ತಾರೆ,” ಎಂದ ಮೆಲ್ಲಗೆ. “‘ನೋಡಿದೆಯಾ ಮಗನೇ?’ ಅಂತ ಕೇಳ್ತಾರೆ.”

ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದಳು! ಕೈಗವಸು ಕಳಚಿ ಅವನ ಕೈ ಹಿಡಿದಳು. 

“ಅಜ್ಜನ ಹೆಂಡತಿ ಇದ್ದಾರೆ. ಅವರ ಮನೆ ಬೀದಿ ತಿರುವಿನವರೆಗೆ ಎಷ್ಟೋ ಸಲ ಹೋಗಿ ವಾಪಸ್ ಬಂದಿದೀನಿ. ನನ್ನೊಬ್ಬಳ ಕೈಲಿ ಬಾಗಿಲು ತಟ್ಟೋಕಾಗಲ್ಲ.”

“ಭಾನುವಾರ ಹೋಗೋಣ.”

“ಬೈತಾರೆ.”

“ಬೈಸಿಕೊಳ್ಳೋಣ.”

“ಬಾಗಿಲೇ ತೆಗೀದಿದ್ರೆ...?”

“ಮುಂದಿನ ಭಾನುವಾರ ಮತ್ತೆ ಹೋಗೋಣ. ಅದರ ಮುಂದಿನದೂ. ನೀನು ಬರೋದಾದ್ರೆ ಜೀವನಪೂರ್ತಿ.”

ಅವಳು ಕಣ್ಣೊರೆಸಿಕೊಂಡಳು.

“ಹಾಗಾದ್ರೆ ನಮ್ಮ ಮದುವೆ ಶನಿವಾರ ಇಟ್ಕೊಳ್ಳೋಣ ಕಣೋ... ಭಾನುವಾರ ನಮಗೆ ಬಿಡುವಿರಲ್ಲ.”